ಏಡಿ ಕೆಂಪಲ್ಲ, ಕಡಲು ಬರಿ ನೀಲಿಯಲ್ಲ: ಮಕ್ಕಳ ಬಣ್ಣದ ಪುಟಕ್ಕೊಂದು ಕೈಪಿಡಿ

ಬೇಸಿಗೆ ರಜೆ ಬಂತೆಂದರೆ ಪುಸ್ತಕದಂಗಡಿಗಳ ಮುಂಭಾಗದಲ್ಲಿ ಬಣ್ಣ ತುಂಬುವ ಪುಸ್ತಕಗಳ ರಾಶಿ ಕಾಣಿಸಿಕೊಳ್ಳುತ್ತದೆ. ಹಣ್ಣು, ತರಕಾರಿ, ವಾಹನ, ಕಾಡುಪ್ರಾಣಿಗಳ ಸಾಲಿನಲ್ಲಿ ಕಡಲಜೀವಿಗಳ ಪುಸ್ತಕಕ್ಕೂ ಖಾಯಂ ಸ್ಥಾನವಿದೆ. ನಗುವ ಡಾಲ್ಫಿನ್, ಕಣ್ಣರಳಿಸಿದ ಆಕ್ಟೋಪಸ್, ಇಕ್ಕುಳ ಎತ್ತಿ ನಿಂತ ಏಡಿ ಮಕ್ಕಳನ್ನು ಸುಲಭವಾಗಿ ಸೆಳೆಯುತ್ತವೆ. ಬೀದರ್, ಬಳ್ಳಾರಿ, ದಾವಣಗೆರೆಯಂತಹ ಒಳನಾಡಿನ ಊರುಗಳ ಮಗು ಕಡಲನ್ನು ಕಣ್ಣಾರೆ ಕಾಣುವ ಎಷ್ಟೋ ಮೊದಲೇ ಅದಕ್ಕೆ ಬಣ್ಣ ಬಳಿದು ಮುಗಿಸಿರುತ್ತದೆ.

ಕಡಲಿನೊಂದಿಗೆ ಮಗುವಿನ ಮೊದಲ ಪರಿಚಯ ಹೀಗೆ ಕಾಗದದ ಮೇಲೆ ನಡೆಯುವುದರಿಂದ ಎರಡು ಪ್ರಶ್ನೆಗಳು ಮುಖ್ಯವಾಗುತ್ತವೆ. ಪುಟದ ಮೇಲಿನ ಚಿತ್ರ ನಿಜವಾದ ಜೀವಿಯನ್ನು ಹೋಲುತ್ತದೆಯೇ? ಮಗುವಿನ ಕೈಯಲ್ಲಿರುವ, ಆಗಾಗ ಬಾಯಿಗೂ ಹೋಗುವ ಬಣ್ಣದ ಕಡ್ಡಿ ನಿರಪಾಯಕಾರಿಯೇ? ಪಾಲಕರು ಮತ್ತು ಶಿಕ್ಷಕರು ತಿಳಿದಿರಬೇಕಾದ ವಿವರಗಳು ಇಲ್ಲಿವೆ.

ಕೆಂಪು ಏಡಿಯ ರಹಸ್ಯ

ಬಣ್ಣದ ಪುಸ್ತಕಗಳ ಮಾದರಿ ಚಿತ್ರಗಳಲ್ಲಿ ಏಡಿ ಬಹುತೇಕ ಕೆಂಪಾಗಿಯೇ ಇರುತ್ತದೆ. ಆದರೆ ನಾವು ಕಾಣುವ ಕೆಂಪು ಏಡಿ ಸಾಮಾನ್ಯವಾಗಿ ಬೇಯಿಸಿದ ಏಡಿ. ಏಡಿಯ ಚಿಪ್ಪಿನಲ್ಲಿ ಅಸ್ಟಾಕ್ಸಾಂಥಿನ್ ಎಂಬ ಕೆಂಪು ವರ್ಣದ್ರವ್ಯವಿರುತ್ತದೆ. ಜೀವಂತ ಏಡಿಯಲ್ಲಿ ಇದು ಪ್ರೋಟೀನಿನೊಂದಿಗೆ ಬೆಸೆದುಕೊಂಡು ನೀಲಿ, ಹಸಿರು ಅಥವಾ ಕಂದು ಛಾಯೆ ತಳೆದಿರುತ್ತದೆ. ಕುದಿಯುವ ನೀರಿನ ಶಾಖಕ್ಕೆ ಪ್ರೋಟೀನಿನ ರಚನೆ ಕೆಟ್ಟು, ಬಿಡುಗಡೆಗೊಂಡ ವರ್ಣದ್ರವ್ಯ ತನ್ನ ಸಹಜ ಕೆಂಪನ್ನು ತೋರುತ್ತದೆ. ಅಡುಗೆಮನೆಯಲ್ಲಿ ಬೂದುಬಣ್ಣದ ಸಿಗಡಿ ಬೆಂದೊಡನೆ ಕೆಂಪಡರುವುದಕ್ಕೂ ಇದೇ ಕಾರಣ.

ಅರಬ್ಬಿ ಸಮುದ್ರದಲ್ಲಿ ದೊರೆಯುವ ನೀಲಿ ಈಜು ಏಡಿಯ ಗಂಡು ಕಣ್ಸೆಳೆಯುವ ನೀಲಿ ಬಣ್ಣದ್ದು, ಮೈಮೇಲೆ ಬಿಳಿ ಮಚ್ಚೆಗಳಿರುತ್ತವೆ. ಹೆಣ್ಣಿನದು ಮಂಕಾದ ಹಸಿರುಗಂದು. ಕರಾವಳಿಯ ಮೀನು ಮಾರುಕಟ್ಟೆಗಳಲ್ಲಿ ಕಾಣುವ ಇನ್ನೊಂದು ಏಡಿಯ ಬೆನ್ನಿನ ಮೇಲೆ ಮೂರು ಕೆಂಗಂದು ಚುಕ್ಕೆಗಳು ಸಾಲಾಗಿರುತ್ತವೆ. ಜೀವಂತವಾಗಿಯೇ ಕೆಂಪಾಗಿರುವ ಏಡಿಗಳು ಇಲ್ಲವೆಂದಲ್ಲ. ಹಿಂದೂ ಮಹಾಸಾಗರದ ಕ್ರಿಸ್ಮಸ್ ದ್ವೀಪದ ಕೆಂಪು ಏಡಿ ಜಗತ್ಪ್ರಸಿದ್ಧ. ಆದರೆ ಏಡಿ ಎಂದರೆ ಕೆಂಪು ಎಂಬ ತೀರ್ಮಾನ ಮಾತ್ರ ಸರಿಯಲ್ಲ.

ಪುಟಗಳಲ್ಲಿ ನುಸುಳುವ ಇತರ ತಪ್ಪುಗಳು

ಬಣ್ಣ ತುಂಬುವ ಮುನ್ನ ಗೆರೆಚಿತ್ರವನ್ನೇ ಒಮ್ಮೆ ಪರಿಶೀಲಿಸುವುದು ಒಳಿತು. ಸಾಮಾನ್ಯವಾಗಿ ಕಂಡುಬರುವ ದೋಷಗಳು ಹೀಗಿವೆ:

ಬಾಲ: ಮೀನಿನ ಬಾಲ ಲಂಬವಾಗಿದ್ದು ಎಡಬಲಕ್ಕೆ ಆಡುತ್ತದೆ. ತಿಮಿಂಗಿಲ ಮತ್ತು ಡಾಲ್ಫಿನ್‌ಗಳ ಬಾಲ ಅಡ್ಡಲಾಗಿದ್ದು ಮೇಲೆ ಕೆಳಗೆ ಆಡುತ್ತದೆ. ಇವು ಮೀನುಗಳಲ್ಲ, ಮರಿಗೆ ಹಾಲೂಡಿಸುವ ಸಸ್ತನಿಗಳು. ಡಾಲ್ಫಿನ್‌ಗೆ ಮೀನಿನ ಬಾಲ ಅಂಟಿಸಿದ ಚಿತ್ರ ತಪ್ಪು.

ಕಾರಂಜಿ: ತಿಮಿಂಗಿಲದ ನೆತ್ತಿಯಿಂದ ಚಿಮ್ಮುವುದು ಕಡಲ ನೀರಿನ ಕಾರಂಜಿಯಲ್ಲ. ಅದು ಬಿಸಿಯುಸಿರು. ಹೊರಗಿನ ಗಾಳಿಗೆ ತಾಗಿ ಮಂಜಿನಂತೆ ಕಾಣುತ್ತದೆ. ಅದಕ್ಕೆ ಗಾಢ ನೀಲಿಗಿಂತ ತೆಳು ಬೂದುಬಣ್ಣ ಒಪ್ಪುತ್ತದೆ.

ಕಾಲುಗಳ ಲೆಕ್ಕ: ಆಕ್ಟೋಪಸ್‌ಗೆ ಎಂಟು ತೋಳುಗಳು. ಕರಾವಳಿಯಲ್ಲಿ ಬೊಂಡಾಸ್ ಎಂದು ಕರೆಯುವ ಸ್ಕ್ವಿಡ್‌ಗೆ ಎಂಟು ತೋಳುಗಳ ಜೊತೆಗೆ ಎರಡು ಉದ್ದನೆಯ ಗ್ರಾಹಕ ಬಾಹುಗಳಿರುತ್ತವೆ. ಏಡಿಗೆ ಇಕ್ಕುಳಗಳೂ ಸೇರಿ ಹತ್ತು ಕಾಲುಗಳು. ಅನೇಕ ಚಿತ್ರಗಳಲ್ಲಿ ಏಡಿಗೆ ಆರೋ ಎಂಟೋ ಕಾಲುಗಳಷ್ಟೇ ಇರುತ್ತವೆ.

ಆಮೆ: ಕಡಲಾಮೆ ತನ್ನ ತಲೆಯನ್ನಾಗಲಿ, ಈಜುಗಾಲುಗಳನ್ನಾಗಲಿ ನೆಲದ ಆಮೆಯಂತೆ ಚಿಪ್ಪಿನೊಳಕ್ಕೆ ಎಳೆದುಕೊಳ್ಳಲಾರದು. ಉಡುಪಿ ಮತ್ತು ಉತ್ತರ ಕನ್ನಡ ಜಿಲ್ಲೆಗಳ ಮರಳದಂಡೆಗೆ ಮೊಟ್ಟೆಯಿಡಲು ಬರುವ ಆಲಿವ್ ರಿಡ್ಲೆ ಆಮೆಯ ಚಿಪ್ಪು ಹೃದಯಾಕಾರದ್ದು, ಬಣ್ಣ ಬೂದುಮಿಶ್ರಿತ ಹಸಿರು. ಅದಕ್ಕೆ ಉಗುರುಳ್ಳ ಗಿಡ್ಡ ಪಾದಗಳನ್ನು ಬರೆದರೆ ಅದು ಕೆರೆಯ ಆಮೆಯಾಗುತ್ತದೆ.

ಹೆಸರಿಗಷ್ಟೇ ಮೀನು: ನಕ್ಷತ್ರಮೀನಿಗೂ, ಜೆಲ್ಲಿಫಿಶ್ ಎಂದು ಕರೆಯುವ ಲೋಳೆಮೀನಿಗೂ ಬೆನ್ನೆಲುಬಿಲ್ಲ. ಅವು ಮೀನುಗಳೇ ಅಲ್ಲ. ಕುದುರೆಯಂತೆ ಕಾಣುವ ಕಡಲಕುದುರೆ ಮಾತ್ರ ನಿಜವಾದ ಮೀನು. ಅದರಲ್ಲಿ ಮೊಟ್ಟೆಗಳನ್ನು ಹೊಟ್ಟೆಯ ಚೀಲದಲ್ಲಿ ಹೊತ್ತು ಮರಿ ಮಾಡುವುದು ಗಂಡು ಎಂಬುದು ಮಕ್ಕಳಿಗೆ ಸೋಜಿಗವುಂಟುಮಾಡುವ ಸಂಗತಿ.

ಬಣ್ಣದ ವಿಷಯದಲ್ಲಿ ಮಗುವಿಗೆ ಪೂರ್ಣ ಸ್ವಾತಂತ್ರ್ಯ ಕೊಡಬಹುದಾದ ಜೀವಿಯೆಂದರೆ ಆಕ್ಟೋಪಸ್. ಅದರ ಚರ್ಮದಲ್ಲಿ ಬಣ್ಣ ತುಂಬಿದ ಸೂಕ್ಷ್ಮ ಚೀಲಗಳಿವೆ. ಸ್ನಾಯುಗಳು ಅವನ್ನು ಹಿಗ್ಗಿಸಿ ಕುಗ್ಗಿಸಿದಂತೆ ಆಕ್ಟೋಪಸ್ ಕ್ಷಣಾರ್ಧದಲ್ಲಿ ಮೈಬಣ್ಣ ಬದಲಿಸುತ್ತದೆ.

ನಮ್ಮ ಕಡಲಿನ ಮೀನುಗಳೆಲ್ಲಿ?

ಮಾರುಕಟ್ಟೆಯ ಪುಸ್ತಕಗಳಲ್ಲಿ ಕಿತ್ತಳೆ ಮೈಗೆ ಬಿಳಿ ಪಟ್ಟೆಯ ಕೋಡಂಗಿ ಮೀನು ತಪ್ಪದೆ ಇರುತ್ತದೆ. 2003ರಲ್ಲಿ ತೆರೆಕಂಡ ‘ಫೈಂಡಿಂಗ್ ನೀಮೋ’ ಚಿತ್ರದಿಂದ ಆ ಮೀನು ಮನೆಮಾತಾಯಿತು. ಆದರೆ ದಕ್ಷಿಣ ಕನ್ನಡ, ಉಡುಪಿ, ಉತ್ತರ ಕನ್ನಡ ಜಿಲ್ಲೆಗಳ ಬಂದರುಗಳಿಗೆ ಬುಟ್ಟಿಗಟ್ಟಲೆ ಬಂದಿಳಿಯುವ ಬಂಗುಡೆ, ಬೂತಾಯಿ, ಅಂಜಲ್, ಮಾಂಜಿಗಳಿಗೆ ಆ ಪುಟಗಳಲ್ಲಿ ಸ್ಥಾನ ವಿರಳ. ಮಗುವಿನ ಊಟದ ತಟ್ಟೆಯಲ್ಲಿರುವ ಮೀನು ಅದರ ಬಣ್ಣದ ಪುಸ್ತಕದಲ್ಲಿಲ್ಲ.

ಬಂಗುಡೆ ಬಣ್ಣದ ಪಾಠಕ್ಕೆ ಹೇಳಿ ಮಾಡಿಸಿದ ಮೀನು. ಬೆನ್ನು ನೀಲಿಹಸಿರು, ಅದರ ಮೇಲೆ ಉದ್ದುದ್ದ ಕಪ್ಪು ಗೆರೆಗಳು, ಪಕ್ಕೆಗಳಲ್ಲಿ ಬೆಳ್ಳಿಯ ಹೊಳಪು. ಎದೆಯ ಈಜುರೆಕ್ಕೆಯ ಬಳಿ ಒಂದು ಕಪ್ಪು ಮಚ್ಚೆ ಇರುತ್ತದೆ. ಬೆನ್ನು ಗಾಢ, ಹೊಟ್ಟೆ ಬಿಳುಪು ಎಂಬ ಈ ವಿನ್ಯಾಸ ಅಲಂಕಾರಕ್ಕಲ್ಲ, ಆತ್ಮರಕ್ಷಣೆಗೆ. ಮೇಲಿನಿಂದ ನೋಡುವ ಹಕ್ಕಿಗೆ ಗಾಢ ಬೆನ್ನು ಕಡಲಿನ ಕತ್ತಲೆಯಲ್ಲಿ ಬೆರೆಯುತ್ತದೆ. ಕೆಳಗಿನಿಂದ ನೋಡುವ ದೊಡ್ಡ ಮೀನಿಗೆ ಬಿಳಿ ಹೊಟ್ಟೆ ಆಕಾಶದ ಬೆಳಕಿನಲ್ಲಿ ಕರಗುತ್ತದೆ. ಇದನ್ನು ಒಮ್ಮೆ ಹೇಳಿಕೊಟ್ಟರೆ ಮಗು ಮೀನಿಗೆ ಒಂದೇ ಬಣ್ಣ ಬಳಿದು ಕೈತೊಳೆದುಕೊಳ್ಳುವುದಿಲ್ಲ.

ಕಡಲಿಗೆ ಯಾವ ಬಣ್ಣ?

ಕಡಲು ಏಕೆ ನೀಲಿ ಎಂಬ ಪ್ರಶ್ನೆ ಮಕ್ಕಳದ್ದಷ್ಟೇ ಅಲ್ಲ. 1921ರಲ್ಲಿ ಇಂಗ್ಲೆಂಡಿಗೆ ಹೋಗಿಬರುವ ಹಡಗಿನ ಪ್ರಯಾಣದಲ್ಲಿ ಸಿ.ವಿ. ರಾಮನ್ ಅವರನ್ನು ಮೆಡಿಟರೇನಿಯನ್ ಸಮುದ್ರದ ಗಾಢ ನೀಲಿ ಸೆರೆಹಿಡಿಯಿತು. ಅದು ಆಕಾಶದ ಪ್ರತಿಬಿಂಬ ಮಾತ್ರ ಎಂಬ ಅಂದಿನ ವಿವರಣೆ ಅವರಿಗೆ ಸಮ್ಮತವಾಗಲಿಲ್ಲ. ನೀರಿನ ಅಣುಗಳೇ ಬೆಳಕನ್ನು ಚದುರಿಸುತ್ತವೆ ಎಂದು ಅವರು ತೋರಿಸಿದರು. ಬೆಳಕಿನ ಚದುರುವಿಕೆಯ ಅಧ್ಯಯನ ಮುಂದುವರಿದು 1928ರಲ್ಲಿ ರಾಮನ್ ಪರಿಣಾಮದ ಶೋಧಕ್ಕೂ, 1930ರ ನೊಬೆಲ್ ಪ್ರಶಸ್ತಿಗೂ ದಾರಿಯಾಯಿತು. 1933ರಿಂದ ಬೆಂಗಳೂರು ಅವರ ಕರ್ಮಭೂಮಿಯಾಯಿತು.

ನೀರು ಕೆಂಪು ಬೆಳಕನ್ನು ಬೇಗನೆ ಹೀರಿಕೊಳ್ಳುವುದೂ ಕಡಲ ನೀಲಿಗೆ ಮುಖ್ಯ ಕಾರಣ. ಆಳಕ್ಕೆ ಇಳಿದಂತೆ ಮೊದಲು ಮರೆಯಾಗುವುದು ಕೆಂಪು. ಅಲ್ಲಿ ಕೆಂಪು ವಸ್ತು ಕಪ್ಪಾಗಿ ಕಾಣುತ್ತದೆ. ಆಳಸಮುದ್ರದ ಅನೇಕ ಸಿಗಡಿಗಳು ಜೀವಂತವಾಗಿರುವಾಗಲೇ ಕೆಂಪಾಗಿರುವುದರ ಗುಟ್ಟು ಇದು. ಅಲ್ಲಿ ಕೆಂಪು ಅಡಗಿಕೊಳ್ಳುವ ಬಣ್ಣ. ಇನ್ನು ಮಳೆಗಾಲದಲ್ಲಿ ನೇತ್ರಾವತಿ, ಶರಾವತಿ, ಕಾಳಿ ನದಿಗಳು ಹೊತ್ತುತರುವ ಮಣ್ಣಿನಿಂದ ಅಳಿವೆಯ ಸುತ್ತಮುತ್ತ ಕಡಲು ಕಂದುಬಣ್ಣಕ್ಕೆ ತಿರುಗುತ್ತದೆ. ಕಡಲಿಗೆ ಕಂದು ಬಳಿದ ಕರಾವಳಿಯ ಮಗು ತಾನು ಕಂಡದ್ದನ್ನೇ ಬಳಿದಿರಬಹುದು.

ಬಣ್ಣದ ಪೆಟ್ಟಿಗೆಯ ಹಿನ್ನೆಲೆ

ಮಕ್ಕಳ ಕೈಗೆ ಅಗ್ಗದ ಬಣ್ಣ ಬಂದ ಇತಿಹಾಸ ಬಹಳ ಹಳೆಯದಲ್ಲ. ಅಮೆರಿಕದ ಬಿನ್ನಿ ಅಂಡ್ ಸ್ಮಿತ್ ಸಂಸ್ಥೆ 1903ರಲ್ಲಿ ಎಂಟು ಬಣ್ಣಗಳ ಕ್ರೆಯೋಲಾ ಪೆಟ್ಟಿಗೆಯನ್ನು ಐದು ಸೆಂಟ್‌ಗಳಿಗೆ ಮಾರಾಟಕ್ಕಿಟ್ಟಿತು. ಜಪಾನಿನ ಸಕುರಾ ಸಂಸ್ಥೆ 1925ರಲ್ಲಿ ಕ್ರೇ-ಪಾಸ್ ಹೆಸರಿನ ಆಯಿಲ್ ಪ್ಯಾಸ್ಟಲ್ ಹೊರತಂದಿತು. ಭಾರತದಲ್ಲಿ ದಾಂಡೇಕರ್ ಸಹೋದರರು 1931ರಲ್ಲಿ ಮುಂಬೈಯಲ್ಲಿ ಶಾಯಿ ತಯಾರಿಕೆಯಿಂದ ಆರಂಭಿಸಿದ ಉದ್ಯಮವೇ ಮುಂದೆ ಕ್ಯಾಮ್ಲಿನ್ ಆಗಿ ಬೆಳೆದು, ಹಲವು ತಲೆಮಾರುಗಳ ಶಾಲಾಮಕ್ಕಳ ಚೀಲ ಸೇರಿತು. 2011ರಲ್ಲಿ ಜಪಾನಿನ ಕೊಕುಯೊ ಸಂಸ್ಥೆ ಅದರಲ್ಲಿ ಬಹುಪಾಲು ಷೇರು ಪಡೆಯಿತು.

ಯಾವ ವಯಸ್ಸಿಗೆ ಯಾವ ಸಾಮಗ್ರಿ?

ಮೂರು ವರ್ಷದೊಳಗೆ: ಮುಷ್ಟಿಯಲ್ಲಿ ಹಿಡಿಯಬಹುದಾದ ದಪ್ಪ ಮೇಣದ ಕ್ರೆಯಾನ್ ಸಾಕು. ಮುರಿದ ಚೂರು ಗಂಟಲಲ್ಲಿ ಸಿಕ್ಕಿಕೊಳ್ಳುವ ಅಪಾಯವಿರುವುದರಿಂದ ದೊಡ್ಡವರು ಪಕ್ಕದಲ್ಲಿರಲೇಬೇಕು. ಈ ವಯಸ್ಸಿಗೆ ಗೆರೆಚಿತ್ರಕ್ಕಿಂತ ಖಾಲಿ ಹಾಳೆ ಮೇಲು.

ಮೂರರಿಂದ ಐದು: ಕ್ರೆಯಾನ್ ಜೊತೆಗೆ ಬೆರಳಿನಿಂದ ಬಳಿಯುವ, ತೊಳೆದರೆ ಹೋಗುವ ಬಣ್ಣ. ಚಿತ್ರ ದೊಡ್ಡದಾಗಿ, ಗೆರೆ ದಪ್ಪವಾಗಿ, ಪುಟಕ್ಕೊಂದೇ ಜೀವಿ ಇರಲಿ.

ಆರರಿಂದ ಎಂಟು: ಬಣ್ಣದ ಪೆನ್ಸಿಲ್, ಆಯಿಲ್ ಪ್ಯಾಸ್ಟಲ್, ಬಿಲ್ಲೆಗಳ ರೂಪದ ಜಲವರ್ಣ. ಆಯಿಲ್ ಪ್ಯಾಸ್ಟಲ್ ಮೃದುವಾಗಿದ್ದು ಒಂದರ ಮೇಲೊಂದು ಬೆರೆಯುತ್ತದೆ. ಬಂಗುಡೆಯ ಬೆನ್ನಿನ ನೀಲಿಹಸಿರಿಗೆ ಇದು ಸೂಕ್ತ. ಸ್ಕೆಚ್ ಪೆನ್ ಕೊಳ್ಳುವುದಾದರೆ ಮುಚ್ಚಳದಲ್ಲಿ ಗಾಳಿಯಾಡುವ ರಂಧ್ರವಿದೆಯೇ ಎಂದು ನೋಡಬೇಕು. ಆಕಸ್ಮಾತ್ ಮುಚ್ಚಳ ಗಂಟಲಿಗೆ ಸಿಕ್ಕಿದರೂ ಉಸಿರಾಟ ಪೂರ್ತಿ ನಿಲ್ಲದಿರಲಿ ಎಂಬುದು ಆ ರಂಧ್ರದ ಉದ್ದೇಶ.

ಒಂಬತ್ತರ ನಂತರ: ಕೊಳವೆಯ ಜಲವರ್ಣ, ಪೋಸ್ಟರ್ ಕಲರ್, ಉತ್ತಮ ಕುಂಚ.

ಕಾಗದದ ಆಯ್ಕೆಯೂ ಅಷ್ಟೇ ಮುಖ್ಯ. ಚದರ ಮೀಟರಿಗೆ 70ರಿಂದ 80 ಗ್ರಾಂ ತೂಗುವ ಸಾಮಾನ್ಯ ಮುದ್ರಣ ಕಾಗದ ಕ್ರೆಯಾನ್, ಪೆನ್ಸಿಲ್‌ಗಳಿಗೆ ಸಾಕು. ನೀರು ತಾಗಿದರೆ ಸುಕ್ಕುಗಟ್ಟುತ್ತದೆ. ಜಲವರ್ಣಕ್ಕೆ 200 ಗ್ರಾಂ ಅಥವಾ ಅದಕ್ಕಿಂತ ದಪ್ಪನೆಯ ಡ್ರಾಯಿಂಗ್ ಶೀಟ್ ಬೇಕು. ನೂರು ಬಣ್ಣಗಳ ದುಬಾರಿ ಪೆಟ್ಟಿಗೆಗಿಂತ ಹನ್ನೆರಡು ಬಣ್ಣ ಮತ್ತು ಒಳ್ಳೆಯ ಕಾಗದಕ್ಕೆ ಮಾಡುವ ಖರ್ಚು ಸಾರ್ಥಕ.

‘ನಾನ್ ಟಾಕ್ಸಿಕ್’ ಎಂದರೇನು?

ಬಣ್ಣದ ಪೆಟ್ಟಿಗೆಯ ಮೇಲಿನ ಈ ಪದವನ್ನು ತಿನ್ನಬಹುದು ಎಂದು ಅರ್ಥೈಸಬಾರದು. ಸಾಮಾನ್ಯ ಬಳಕೆಯಲ್ಲಿ ಹಾನಿಕಾರಕ ಪ್ರಮಾಣದ ವಿಷವಸ್ತು ದೇಹ ಸೇರುವುದಿಲ್ಲ ಎಂದಷ್ಟೇ ಅದರ ಭರವಸೆ. ಆ ಭರವಸೆಗೂ ಪರೀಕ್ಷೆಯ ಆಧಾರ ಬೇಕು. 1994ರಲ್ಲಿ ಅಮೆರಿಕಕ್ಕೆ ಚೀನಾದಿಂದ ಆಮದಾಗಿದ್ದ ಕೆಲವು ಕ್ರೆಯಾನ್‌ಗಳಲ್ಲಿ ಸೀಸ ಪತ್ತೆಯಾಗಿ ಅವನ್ನು ಮಾರುಕಟ್ಟೆಯಿಂದ ಹಿಂಪಡೆಯಲಾಯಿತು. 2000ದಲ್ಲಿ ಅಲ್ಲಿನ ‘ಸಿಯಾಟಲ್ ಪೋಸ್ಟ್-ಇಂಟೆಲಿಜೆನ್ಸರ್’ ಪತ್ರಿಕೆ ಹೆಸರಾಂತ ಕ್ರೆಯಾನ್‌ಗಳಲ್ಲಿ ಕಲ್ನಾರಿನ ಅಂಶವಿದೆಯೆಂದು ವರದಿ ಮಾಡಿತು. ಕ್ರೆಯಾನ್‌ಗೆ ಬೆರೆಸುವ ಟಾಲ್ಕ್ ಪುಡಿ ಅದರ ಮೂಲವಾಗಿತ್ತು. ಸರಕಾರಿ ತಪಾಸಣೆಯಲ್ಲಿ ಅಪಾಯ ತೀರಾ ಕಡಿಮೆ ಎಂದು ಕಂಡುಬಂದರೂ, ಎಚ್ಚರಿಕೆಯ ಕ್ರಮವಾಗಿ ತಯಾರಕರು ಮಿಶ್ರಣವನ್ನು ಬದಲಿಸಲು ಒಪ್ಪಿದರು.

ಭಾರತದಲ್ಲಿ ಆಟಿಕೆಗಳ ಸುರಕ್ಷತೆಗೆ ಐಎಸ್ 9873 ಮಾನದಂಡವಿದೆ. ಅದರ 3ನೇ ಭಾಗ ಸೀಸ, ಪಾದರಸ, ಕ್ಯಾಡ್ಮಿಯಂ, ಆರ್ಸೆನಿಕ್ ಸೇರಿದಂತೆ ಎಂಟು ಧಾತುಗಳಿಗೆ ಮಿತಿ ಹೇರುತ್ತದೆ. ಬೆರಳಿನಿಂದ ಬಳಿಯುವ ಬಣ್ಣಗಳಿಗೆ 7ನೇ ಭಾಗ ಮೀಸಲು. 2020ರ ಆಟಿಕೆ ಗುಣಮಟ್ಟ ನಿಯಂತ್ರಣ ಆದೇಶ 2021ರ ಜನವರಿ 1ರಿಂದ ಜಾರಿಗೆ ಬಂದು, ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯವಾಯಿತು. ಆಮದು ಬಣ್ಣಗಳ ಮೇಲೆ ಯುರೋಪಿನ ಇಎನ್ 71 ಅಥವಾ ಅಮೆರಿಕದ ಎಎಸ್‌ಟಿಎಂ ಡಿ-4236 ಎಂಬ ಬರಹ ಕಾಣಬಹುದು. ಎರಡನೆಯದು, ದೀರ್ಘಕಾಲೀನ ಅಪಾಯವಿದ್ದರೆ ಅದನ್ನು ಪೆಟ್ಟಿಗೆಯ ಮೇಲೆ ನಮೂದಿಸುವ ನಿಯಮಕ್ಕೆ ಸಂಬಂಧಿಸಿದ್ದು. ಅದೊಂದನ್ನೇ ನಿರಪಾಯದ ಪ್ರಮಾಣಪತ್ರವೆಂದು ತಿಳಿಯಬಾರದು.

ತಯಾರಕರ ಹೆಸರು, ವಿಳಾಸವಿಲ್ಲದ, ಘಾಟು ವಾಸನೆಯ, ಸಡಿಲ ಪುಡಿಯ ರೂಪದ ಬಣ್ಣಗಳನ್ನು ಮಕ್ಕಳ ಕೈಗೆ ಕೊಡದಿರುವುದು ಕ್ಷೇಮ. ಹಬ್ಬಕ್ಕೆ ತಂದು ಉಳಿದ ರಂಗೋಲಿ ಪುಡಿಗೂ ಈ ಮಾತು ಅನ್ವಯಿಸುತ್ತದೆ. ಬಣ್ಣದ ಕೆಲಸ ಮುಗಿದ ಮೇಲೆ ಕೈ ತೊಳೆಯುವುದು ಎಲ್ಲ ಮಾನದಂಡಗಳಿಗಿಂತ ಹಳೆಯ, ಖರ್ಚಿಲ್ಲದ ರಕ್ಷಣೆ.

ಮನೆಯಲ್ಲೇ ಮಾಡಬಹುದಾದ ಚಟುವಟಿಕೆಗಳು

ಮಾಯದ ಲೋಳೆಮೀನು: ಬಿಳಿ ಹಾಳೆಯ ಮೇಲೆ ಬಿಳಿ ಮೇಣದ ಕ್ರೆಯಾನಿನಿಂದ ಒತ್ತಿ ಲೋಳೆಮೀನಿನ ಚಿತ್ರ ಬರೆಯಬೇಕು. ಅದು ಕಣ್ಣಿಗೆ ಕಾಣದು. ಮೇಲೆ ತೆಳು ನೀಲಿ ಜಲವರ್ಣ ಬಳಿದಾಗ ಮೇಣ ನೀರನ್ನು ದೂರ ತಳ್ಳುವುದರಿಂದ ಚಿತ್ರ ಬೆಳ್ಳಗೆ ಮೂಡಿಬರುತ್ತದೆ. ಬಣ್ಣ ಹಸಿಯಿರುವಾಗಲೇ ಚಿಟಿಕೆ ಉಪ್ಪು ಉದುರಿಸಿದರೆ, ಹರಳುಗಳು ಸುತ್ತಲಿನ ಬಣ್ಣದ ನೀರನ್ನು ಹೀರಿ ನೊರೆಗುಳ್ಳೆಯಂತಹ ಕಲೆಗಳನ್ನು ಬಿಡುತ್ತವೆ. ಒಣಗಿದ ಮೇಲೆ ಉಪ್ಪನ್ನು ಒರೆಸಿ ತೆಗೆಯಬೇಕು.

ಹತ್ತು ಬೆರಳಿನ ಏಡಿ: ಎರಡೂ ಅಂಗೈಗಳಿಗೆ ನೀಲಿ ಬಣ್ಣ ಹಚ್ಚಿ, ಅಂಗೈಗಳ ಬುಡ ಒಂದರ ಮೇಲೊಂದು ಬರುವಂತೆ, ಬೆರಳುಗಳನ್ನು ಎಡಬಲಕ್ಕೆ ಚಾಚಿ ಹಾಳೆಗೆ ಒತ್ತಿದರೆ ಏಡಿ ಸಿದ್ಧ. ಮೇಲಕ್ಕೆದ್ದ ಹೆಬ್ಬೆರಳುಗಳೇ ಇಕ್ಕುಳ, ಉಳಿದ ಎಂಟು ಬೆರಳುಗಳು ಕಾಲು. ಲೆಕ್ಕ ಹತ್ತಕ್ಕೆ ಹತ್ತು. ಹೆಬ್ಬೆರಳು ಮಡಚಿ ಬೆರಳುಗಳನ್ನು ಕೆಳಮುಖವಾಗಿ ಒತ್ತಿದರೆ ಎಂಟು ತೋಳಿನ ಆಕ್ಟೋಪಸ್.

ಮೀನಿನ ಅಚ್ಚು: ಜಪಾನಿನ ಮೀನುಗಾರರು 19ನೇ ಶತಮಾನದಲ್ಲಿ ತಾವು ಹಿಡಿದ ಮೀನಿನ ಗಾತ್ರವನ್ನು ದಾಖಲಿಸಲು ಮೀನಿಗೇ ಮಸಿ ಹಚ್ಚಿ ಕಾಗದಕ್ಕೆ ಒತ್ತುತ್ತಿದ್ದರು. ಈ ಪದ್ಧತಿಗೆ ಗ್ಯೋತಾಕು ಎಂದು ಹೆಸರು. ಒಂದು ಬಂಗುಡೆಯನ್ನು ತೊಳೆದು, ಬಟ್ಟೆಯಿಂದ ಒರೆಸಿ, ತೆಳುವಾಗಿ ಬಣ್ಣ ಹಚ್ಚಿ, ಮೇಲೆ ತೆಳು ಕಾಗದ ಹಾಸಿ ಬೆರಳಿನಿಂದ ಮೃದುವಾಗಿ ಸವರಿದರೆ ರೆಕ್ಕೆ, ಹುರುಪೆಗಳೆಲ್ಲ ಅಚ್ಚಾಗುತ್ತವೆ. ಬಣ್ಣ ಹಚ್ಚಿದ ಮೀನನ್ನು ಮತ್ತೆ ಅಡುಗೆಗೆ ಬಳಸಬಾರದು. ಮನೆಯಲ್ಲಿ ಮೀನು ತಾರದವರು ಎಲೆ ಅಥವಾ ಖಾಲಿ ಚಿಪ್ಪಿನ ಅಚ್ಚು ತೆಗೆಯಬಹುದು.

ಹಿತ್ತಿಲ ಬಣ್ಣ: ಶಂಖಪುಷ್ಪದ ನೀಲಿ ಹೂಗಳನ್ನು ಬಿಸಿನೀರಿನಲ್ಲಿ ನೆನೆಸಿದರೆ ಕಡಲ ನೀಲಿ ದೊರೆಯುತ್ತದೆ. ಅದಕ್ಕೆ ನಿಂಬೆರಸ ಹಿಂಡಿದರೆ ನೇರಳೆ. ಅರಿಸಿನದ ನೀರು ಹಳದಿ, ಅಡುಗೆ ಸೋಡಾ ಬೆರೆಸಿದರೆ ಕೆಂಗಂದು. ಇವು ಬಿಸಿಲಿಗೆ ಬೇಗ ಮಾಸುತ್ತವೆ ಎಂಬುದನ್ನು ಮೊದಲೇ ಹೇಳಿದರೆ ಮಗುವಿಗೆ ನಿರಾಸೆಯಾಗದು.

ಕಡಲತೀರಕ್ಕೆ ಪ್ರವಾಸ ಹೋದಾಗ ಒಂದು ನೋಟ್‌ಪುಸ್ತಕ, ಪೆನ್ಸಿಲ್ ಜೊತೆಗಿರಲಿ. ದಡಕ್ಕೆ ಬಿದ್ದ ಲೋಳೆಮೀನು ಸತ್ತಂತೆ ಕಂಡರೂ ಚುಚ್ಚಬಲ್ಲದು. ದೂರದಿಂದಲೇ ನೋಡಿ ಚಿತ್ರಿಸಬೇಕು. ಕಡಲಕುದುರೆ, ಹವಳ, ಕಡಲಾಮೆಗಳಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಿದೆ. ಒಣಗಿಸಿದ ಕಡಲಕುದುರೆ ಅಥವಾ ಹವಳದ ತುಂಡನ್ನು ಚಿತ್ರದ ಮಾದರಿಗೆಂದು ಕೊಳ್ಳುವುದೂ ಅಪರಾಧವಾದೀತು.

ಗೆರೆಯೊಳಗೇ ತುಂಬಬೇಕೆ?

ಬಣ್ಣದ ಪುಸ್ತಕಗಳನ್ನೇ ಒಪ್ಪದ ಶಿಕ್ಷಣತಜ್ಞರೂ ಇದ್ದಾರೆ. ಮಕ್ಕಳ ಚಿತ್ರಕಲೆ ಕುರಿತು 1947ರಲ್ಲಿ ಮಹತ್ವದ ಗ್ರಂಥ ರಚಿಸಿದ ವಿಕ್ಟರ್ ಲೋವೆನ್‌ಫೆಲ್ಡ್, ಬೇರೆಯವರು ಬರೆದ ಗೆರೆಗಳನ್ನು ತುಂಬುವ ಅಭ್ಯಾಸ ಮಗುವಿನ ಸ್ವಂತ ಅಭಿವ್ಯಕ್ತಿಯನ್ನು ಕುಗ್ಗಿಸುತ್ತದೆ ಎಂದು ವಾದಿಸಿದರು. ಜಪಾನಿನ ಕಲಾವಿದ ಯಮಾಮೊಟೊ ಕನಾಯೆ ಅದಕ್ಕೂ ಮೊದಲೇ, ನಕಲು ಮಾಡಿಸುವ ಶಾಲಾ ಪದ್ಧತಿಯ ವಿರುದ್ಧ ಮಕ್ಕಳ ಸ್ವತಂತ್ರ ಚಿತ್ರಣದ ಚಳವಳಿ ಕಟ್ಟಿದ್ದರು. ಗೆರೆಯೊಳಗೆ ಬಣ್ಣ ತುಂಬುವುದರಿಂದ ಬೆರಳುಗಳ ಹಿಡಿತ, ಏಕಾಗ್ರತೆ ಪಳಗುತ್ತದೆ ಎಂಬ ಇನ್ನೊಂದು ಪಕ್ಷದ ಮಾತಿನಲ್ಲೂ ಹುರುಳಿದೆ. ಎರಡಕ್ಕೂ ಒಪ್ಪುವ ಸರಳ ಉಪಾಯವೆಂದರೆ ಅರ್ಧ ಚಿತ್ರದ ಪುಟ. ಮೀನೊಂದರ ಗೆರೆಚಿತ್ರ ಕೊಟ್ಟು, ಸುತ್ತಲಿನ ಕಡಲನ್ನು ಮಗುವಿಗೇ ಬಿಡುವುದು.

ಪಕ್ಕದಲ್ಲೊಂದು ನಿಜವಾದ ಬಂಗುಡೆಯನ್ನೋ, ಒಳ್ಳೆಯ ಛಾಯಾಚಿತ್ರವನ್ನೋ ಇಟ್ಟರೆ ಪುಟ ಪಾಠವಾಗುತ್ತದೆ. ಮಾದರಿ ಚಿತ್ರಕ್ಕೆ ಹೊಂದುವುದಿಲ್ಲವೆಂದು ಏಡಿಗೆ ನೀಲಿ ಬಳಿದ ಮಗುವಿನ ಪುಟಕ್ಕೆ ‘ತಪ್ಪು’ ಗುರುತು ಹಾಕುವ ಮುನ್ನ ದೊಡ್ಡವರು ಒಂದು ಕ್ಷಣ ಯೋಚಿಸಬೇಕು. ಇಡೀ ತರಗತಿಯಲ್ಲಿ ಜೀವಂತ ಏಡಿಯನ್ನು ಕಂಡ ಮಗು ಅದೊಂದೇ ಇರಬಹುದು.